ಬ್ಯಾಂಕು ಬಿಟ್ಟುಕೊಟ್ಟ ಸಾಲ ನಮ್ಮ ಆದಾಯನಾ? ಸೆಟಲ್‌ಮೆಂಟ್ ಮಾಡಿಕೊಂಡವರು, ಲೆಕ್ಕ ಗೊತ್ತಿರುವವರು ಹೇಳಿ

ಬನಶಂಕರಿ ಬಸ್‌ಸ್ಟಾಪ್

ಕ್ರೆಡಿಟ್ ಕಾರ್ಡ್ ಬಾಕಿ ತುಂಬಾ ದಿನ ಎಳೆದಾಡಿ ಕೊನೆಗೆ ಸೆಟಲ್‌ಮೆಂಟ್ ಮಾಡಿಕೊಂಡೆ. ಬ್ಯಾಂಕಿನವರು ಹೇಳಿದ ಬಾಕಿ 3,40,000. ಒಂದೇ ಸಲಕ್ಕೆ 1,30,000 ಕಟ್ಟಿದೆ, ಉಳಿದ 2,10,000 ಬಿಟ್ಟರು. ಪತ್ರವೂ ಕೈಗೆ ಬಂತು. ಸರಿ, ಪೀಡೆ ತೊಲಗಿತು ಅಂತ ನಿದ್ದೆ ಮಾಡಿದರೆ ಈಗ ನಮ್ಮ ಭಾವ ತಲೆಗೆ ಹೊಸ ಹುಳ ಬಿಟ್ಟಿದ್ದಾರೆ. ಬ್ಯಾಂಕು ಬಿಟ್ಟ ಆ 2,10,000 ನಿನ್ನ ಆದಾಯ, ರಿಟರ್ನ್‌ನಲ್ಲಿ ತೋರಿಸಲೇಬೇಕು, ಇಲ್ಲದಿದ್ದರೆ ನೋಟಿಸ್ ಗ್ಯಾರಂಟಿ ಅಂತಾರೆ. ಯೂಟ್ಯೂಬ್ ನೋಡಿದೆ, ಅಲ್ಲೂ ಒಬ್ಬ 600 ಡಾಲರ್ ಮೇಲೆ ಮನ್ನಾ ಆದರೆ ತೆರಿಗೆ ಕಟ್ಟಬೇಕು ಅಂತ ಕೂಗಾಡುತ್ತಿದ್ದ. ನಾನು ಸಂಬಳದವನು. ಬಿಸಿನೆಸ್ಸೂ ಇಲ್ಲ, ಏನೂ ಇಲ್ಲ. ಇರುವ ದುಡ್ಡೆಲ್ಲ ಸೆಟಲ್‌ಮೆಂಟಿಗೇ ಹೋಯಿತು, ಈಗ ಇದಕ್ಕೆ ಎಲ್ಲಿಂದ ತರಲಿ?

ತಲೆಹರಟೆ

ಸಾಲ ಮಾಡಿ ತುಪ್ಪ ತಿನ್ನು ಅಂದವರು ತುಪ್ಪದ ಮೇಲೆ ಟ್ಯಾಕ್ಸ್ ಇದೆ ಅಂತ ಹೇಳಿರಲಿಲ್ಲ ಅಲ್ವಾ.

ಲೆಕ್ಕದ ಪುಸ್ತಕ

ದಾವಣಗೆರೆಯಲ್ಲಿ ತೆರಿಗೆ ಪ್ರಾಕ್ಟೀಸ್ ಮಾಡುತ್ತೇನೆ. ನಿಮ್ಮ ಭಾವನಿಗೆ ಅರ್ಧ ವಿಷಯ ಗೊತ್ತು, ಆ ಅರ್ಧ ಬಿಸಿನೆಸ್ ಮಾಡುವವರದು. ನೀವು ನೋಡಿದ ವಿಡಿಯೊ ಅಮೆರಿಕದ್ದು. ಅಲ್ಲಿ ಮನ್ನಾ ಆದ ಸಾಲ ಆದಾಯ ಅಂತ ಕಾನೂನಿನಲ್ಲೇ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಹಾಗೆ ಎಲ್ಲರಿಗೂ ಸಾರಾಸಗಟಾಗಿ ಅನ್ವಯಿಸುವ ಸೆಕ್ಷನ್ ಇಲ್ಲ. ನಮ್ಮಲ್ಲಿ ಕೇಳುವುದು ಎರಡು ಪ್ರಶ್ನೆ. ಆ ಸಾಲ ಯಾತಕ್ಕೆ ತಗೊಂಡಿರಿ? ಅದನ್ನಾಗಲಿ ಅದರ ಬಡ್ಡಿಯನ್ನಾಗಲಿ ಹಿಂದೆ ಯಾವತ್ತಾದರೂ ಖರ್ಚು ಅಂತ ತೋರಿಸಿ ತೆರಿಗೆ ಉಳಿಸಿಕೊಂಡಿದ್ದೀರಾ?

ಸೆಕ್ಷನ್ 41(1) ಹೇಳುವುದು ಇಷ್ಟೇ: ಹಿಂದೆ ಖರ್ಚು ಅಂತ ಕಳೆದುಕೊಂಡ ಬಾಕಿ ಆಮೇಲೆ ಕೊಡುವುದೇ ಬೇಡ ಅಂತ ಆದರೆ, ಆ ವರ್ಷ ಅದು ವ್ಯಾಪಾರದ ಆದಾಯ. ನೀವು ಮನೆಗೆ ಫ್ರಿಜ್ಜೋ ಇನ್ನೇನೋ ತಗೊಂಡಿದ್ದರೆ ಅದಕ್ಕೆ ಯಾವ ಖರ್ಚನ್ನೂ ಕಳೆದುಕೊಂಡಿಲ್ಲ, ಹಾಗಾಗಿ ಇದು ನಿಮಗೆ ಸಂಬಂಧವಿಲ್ಲ. ಸೆಕ್ಷನ್ 28 ವ್ಯಾಪಾರ, ವೃತ್ತಿಯಿಂದ ಬಂದ ಲಾಭದ ಬಗ್ಗೆ. ಅದೂ ನಿಮಗಲ್ಲ. ಉಳಿಯುವುದು 56(2)(ಎಕ್ಸ್), ಅಂದರೆ 50,000 ಮೀರಿ ಪುಕ್ಕಟೆ ಬಂದ ಹಣ. ಆದರೆ ಕಾರ್ಡಿನ ಹಣ ಬಂದಾಗ ಪುಕ್ಕಟೆ ಬಂದಿರಲಿಲ್ಲ, ವಾಪಸ್ ಕೊಡುವ ಕರಾರಿನ ಮೇಲೆ ಬಂದಿತ್ತು. ಸೆಟಲ್‌ಮೆಂಟ್ ದಿನ ನಿಮ್ಮ ಕೈಗೆ ಹೊಸದಾಗಿ ಒಂದು ರೂಪಾಯಿಯೂ ಬರಲಿಲ್ಲ. ಸ್ವಂತ ಖರ್ಚಿನ ಕಾರ್ಡು, ಪರ್ಸನಲ್ ಲೋನ್ ಸೆಟಲ್ ಆದಾಗ ಅದನ್ನು ಆದಾಯ ಅಂತ ತೋರಿಸುವುದಿಲ್ಲ ಎಂಬುದೇ ಇಲ್ಲಿ ನಡೆದುಕೊಂಡು ಬಂದಿರುವ ನಿಲುವು, ನನ್ನದೂ ಅದೇ.

ತಲೆಹರಟೆ

ಒಂದು ನಿಮಿಷ ಸಾರ್, ತಮಾಷೆ ಬಿಟ್ಟು ಕೇಳುತ್ತೇನೆ. ಸಾಮಾನು ತಗೊಂಡು ಪೂರ್ತಿ ದುಡ್ಡು ಕೊಡದಿದ್ದರೆ ಅಷ್ಟು ಲಾಭ ತಾನೆ? ನಾನು ಓವರ್‌ಟೈಮ್ ಮಾಡಿ ಅಷ್ಟೇ ದುಡಿದರೆ ಕೈಗೆ ಬರುವ ಮುಂಚೆಯೇ ಟಿಡಿಎಸ್ ಅಂತ ತೆರಿಗೆ ಕಿತ್ತುಕೊಳ್ಳುತ್ತಾರೆ. ಕಟ್ಟದವನಿಗೆ ಮಾಫಿ, ಕಟ್ಟಿದವನಿಗೆ ಏನೂ ಇಲ್ಲ. ಇದು ಯಾವ ನ್ಯಾಯ?

ಲೆಕ್ಕದ ಪುಸ್ತಕ

ನ್ಯಾಯದ ಪ್ರಶ್ನೆ ಸರಿಯಾಗೇ ಇದೆ. ಅಮೆರಿಕದವರು ಯೋಚಿಸುವುದೂ ಹೀಗೇ. 1931ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಕರ್ಬಿ ಲಂಬರ್ ಎಂಬ ಕಂಪನಿಯ ಕೇಸಿನಲ್ಲಿ ಕಡಿಮೆ ದುಡ್ಡಿಗೆ ಸಾಲ ತೀರಿಸಿದರೆ ಆ ವ್ಯತ್ಯಾಸ ಆದಾಯ ಅಂದಿತು. ಆದರೆ ತೆರಿಗೆ ಹಾಕಬೇಕಾದರೆ ಅದನ್ನು ಹಿಡಿಯುವ ಸೆಕ್ಷನ್ ಇರಬೇಕು. ಲಾಭ ಆಯಿತು ಅನ್ನುವುದೊಂದೇ ಸಾಲದು.

ಇನ್ನೊಂದು. ಬನಶಂಕರಿಯವರೇ, ಆ 3,40,000 ಒಳಗೆ ನೀವು ನಿಜವಾಗಿ ಬಳಸಿದ್ದು ಎಷ್ಟು? ಸ್ಟೇಟ್‌ಮೆಂಟ್ ತೆಗೆದು ನೋಡಿ.

ಬನಶಂಕರಿ ಬಸ್‌ಸ್ಟಾಪ್

ಈಗ ಕೂತು ಕೂಡಿಸಿದೆ ಸಾರ್. ಆಸ್ಪತ್ರೆ ಬಿಲ್ಲು, ಫ್ರಿಜ್ಜು, ಒಂದು ಫೋನು, ಊರಿಗೆ ಹೋದ ಬಸ್ ಟಿಕೆಟ್ಟು, ದಿನಸಿ ಎಲ್ಲ ಸೇರಿ 1,62,000. ಉಳಿದ 1,78,000 ಪೂರ್ತಿ ಫೈನಾನ್ಸ್ ಚಾರ್ಜ್, ಲೇಟ್ ಫೀ, ಓವರ್ ಲಿಮಿಟ್ ಫೀ, ಆಮೇಲೆ ಅವೆಲ್ಲದರ ಮೇಲೆ 18% ಜಿಎಸ್‌ಟಿ. ಒಂದು ತಿಂಗಳಂತೂ ನಾನು ಒಂದು ಕಾಫಿ ಕೂಡ ಕಾರ್ಡಿನಲ್ಲಿ ಕುಡಿದಿಲ್ಲ, ಆದರೂ ಬಾಕಿ ಆರು ಸಾವಿರದ ಮೇಲೆ ಏರಿದೆ. ಇದನ್ನು ನೋಡಿ ಹೊಟ್ಟೆ ಉರಿಯಿತು.

ಅಂದರೆ ಬಿಟ್ಟ 2,10,000ದಲ್ಲಿ ನಾನು ತಿಂದದ್ದು ಬರೀ 32,000.

ತಲೆಹರಟೆ

ಹಾಗಾದರೆ ನನ್ನ ಹೊಟ್ಟೆಕಿಚ್ಚು 32,000ಕ್ಕೆ ಇಳಿಯಿತು. ಮುಂದುವರಿಸಿ.

ನಿವೃತ್ತ ಮ್ಯಾನೇಜರ್

ಬ್ಯಾಂಕಿನ ರಿಕವರಿ ಸೆಕ್ಷನ್ನಿನಲ್ಲೇ ಬಹಳ ವರ್ಷ ಇದ್ದವನು ನಾನು. ತೆರಿಗೆ ಮಾತಿಗೆ ಮುಂಚೆ ಎಲ್ಲರೂ ಒಂದು ವಿಷಯ ತಿಳಿದುಕೊಳ್ಳಬೇಕು. ರೈಟ್ ಆಫ್ ಬೇರೆ, ಮನ್ನಾ ಬೇರೆ. ಸಾಲ ವಸೂಲಾಗದೆ ತುಂಬಾ ಕಾಲವಾದರೆ ಬ್ಯಾಂಕು ತನ್ನ ಪುಸ್ತಕದಿಂದ ಅದನ್ನು ತೆಗೆಯುತ್ತದೆ. ಅದು ಬ್ಯಾಂಕಿನ ಒಳಗಿನ ಲೆಕ್ಕ, ಟೆಕ್ನಿಕಲ್ ರೈಟ್ ಆಫ್. ನಿಮ್ಮ ಸಾಲ ಹಾಗೇ ಇರುತ್ತದೆ, ಕೇಸೂ ನಡೆಯುತ್ತದೆ, ಜಾಮೀನುದಾರನ ಬೆನ್ನೂ ಬಿಡುವುದಿಲ್ಲ. ಪೇಪರಿನಲ್ಲಿ ಇಷ್ಟು ಸಾವಿರ ಕೋಟಿ ರೈಟ್ ಆಫ್ ಅಂತ ಬಂದಾಗ ಜನ ಮನ್ನಾ ಅಂತಲೇ ಓದುತ್ತಾರೆ. ಮನ್ನಾ ಆಗದ ಮೇಲೆ ಅದು ಆದಾಯ ಹೌದಾ ಅಲ್ವಾ ಅನ್ನುವ ಪ್ರಶ್ನೆಯೇ ಹುಟ್ಟುವುದಿಲ್ಲ.

ಸೆಟಲ್‌ಮೆಂಟ್ ಎಂದರೆ ಇಬ್ಬರೂ ಒಪ್ಪಿ ಕಡಿಮೆ ಮೊತ್ತಕ್ಕೆ ಮುಗಿಸುವುದು. 2023ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆಲ್ಲ ಒಂದು ಚೌಕಟ್ಟು ಹಾಕಿತು. ಸೆಟಲ್ ಮಾಡಿಕೊಂಡವರಿಗೆ ಅದೇ ಬ್ಯಾಂಕು ಮತ್ತೆ ಸಾಲ ಕೊಡಬೇಕಾದರೆ ಕೃಷಿ ಸಾಲ ಬಿಟ್ಟು ಬೇರೆಯದಕ್ಕೆ ಕನಿಷ್ಠ 12 ತಿಂಗಳು ಕಾಯಬೇಕು. ನಿಮ್ಮ ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ ಕ್ಲೋಸ್ಡ್ ಅಂತ ಬರುವುದಿಲ್ಲ, ಸೆಟಲ್ಡ್ ಅಂತ ಬರುತ್ತದೆ. ಮುಂದೆ ಹೋಮ್ ಲೋನ್‌ಗೆ ಹೋದಾಗ ಇದು ಕಾಡುತ್ತದೆ, ತೆರಿಗೆಗಿಂತ ಜಾಸ್ತಿ ಕಾಡುತ್ತದೆ ಅಂತ ನನ್ನ ಅನುಭವ. ಸೆಟಲ್‌ಮೆಂಟ್ ಪತ್ರ, ಕಟ್ಟಿದ ರಸೀದಿ, ಬಾಕಿ ಇಲ್ಲ ಅನ್ನುವ ನೋ ಡ್ಯೂ ಸರ್ಟಿಫಿಕೇಟ್ ಮೂರೂ ಜೋಪಾನ. ಏಜೆಂಟ್ ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಪತ್ರ ಅಂತ ನಂಬಬೇಡಿ. ಮನ್ನಾ ಮೊತ್ತಕ್ಕೆ ತೆರಿಗೆ ಕಟ್ಟಬೇಕು, ನನಗೇ ಕಳಿಸಿ ಅಂತ ಯಾರಾದರೂ ಫೋನ್ ಮಾಡಿದರೆ ಅದು ನೂರಕ್ಕೆ ನೂರು ಮೋಸ. ಆದಾಯ ತೆರಿಗೆಯನ್ನು ಯಾವ ಏಜೆಂಟನೂ ವಸೂಲಿ ಮಾಡುವುದಿಲ್ಲ.

ಪೀಣ್ಯ ಶೆಡ್

ನಂದು ಬಿಸಿನೆಸ್ ಕೇಸು, ಹಾಗಾಗಿ ಭಾವನ ಆ ಅರ್ಧ ನನಗೇ ಬೀಳುತ್ತೆ ಅನ್ಸುತ್ತೆ. ಪೀಣ್ಯ ಎರಡನೇ ಹಂತದಲ್ಲಿ ಸಣ್ಣ ಶೆಡ್ಡು. ಸಿಎನ್‌ಸಿ ಮಷಿನ್‌ಗೆ ಟರ್ಮ್ ಲೋನು, ಜೊತೆಗೆ ದಿನದ ವ್ಯಾಪಾರಕ್ಕೆ ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಸಾಲ. ದೊಡ್ಡ ಗಿರಾಕಿ ಆರ್ಡರ್ ನಿಲ್ಲಿಸಿದ ಮೇಲೆ ಎರಡೂ ಕಂತು ನಿಂತು ಎನ್‌ಪಿಎ, ಅಂದರೆ ಕೆಟ್ಟ ಸಾಲ ಆದವು. ಈಗ ಓಟಿಎಸ್‌ಗೆ, ಅಂದರೆ ಒನ್ ಟೈಮ್ ಸೆಟಲ್‌ಮೆಂಟಿಗೆ ಬಂದಿದ್ದೇವೆ. ಬ್ಯಾಂಕಿನ ಲೆಕ್ಕದಲ್ಲಿ ಮಷಿನ್ ಲೋನ್ ಅಸಲು 22 ಲಕ್ಷ, ಸಿಸಿ 15 ಲಕ್ಷ, ಬಡ್ಡಿ 11 ಲಕ್ಷ, ಒಟ್ಟು 48. ಮಾತುಕತೆ 30 ಲಕ್ಷಕ್ಕೆ ನಿಂತಿದೆ. ಬಿಡುವುದು 18 ಲಕ್ಷ. ಆ 18ಕ್ಕೂ 30 ಪರ್ಸೆಂಟ್ ಕಟ್ಟು ಅಂದರೆ ಓಟಿಎಸ್ ಮಾಡಿಕೊಂಡು ಏನು ಪ್ರಯೋಜನ ಗುರೂ?

ಲೆಕ್ಕದ ಪುಸ್ತಕ

18 ಲಕ್ಷವನ್ನು ಒಂದೇ ಗಂಟಾಗಿ ನೋಡಬೇಡಿ. ಬಿಚ್ಚಿ ನೋಡಿ. 11 ಬಡ್ಡಿ, 7 ಅಸಲು.

ಬಡ್ಡಿ ಸುಲಭ. ಬ್ಯಾಂಕಿನ ಬಡ್ಡಿಯನ್ನು ಖರ್ಚು ಅಂತ ಕಳೆದುಕೊಳ್ಳಲು ಸೆಕ್ಷನ್ 43ಬಿ ಪ್ರಕಾರ ಅದನ್ನು ನಿಜವಾಗಿ ಕಟ್ಟಿರಬೇಕು. ಕಟ್ಟದ ಬಡ್ಡಿಯನ್ನು ನಿಮ್ಮ ಆಡಿಟರ್ ಪ್ರತಿ ವರ್ಷ ವಾಪಸ್ ಆದಾಯಕ್ಕೆ ಸೇರಿಸಿರಬೇಕು. ಸೇರಿಸಿದ್ದರೆ ಆ ಬಡ್ಡಿಯಿಂದ ನಿಮಗೆ ಯಾವತ್ತೂ ತೆರಿಗೆ ಉಳಿದಿಲ್ಲ. ತೆರಿಗೆ ಉಳಿಯದ ಮೇಲೆ 41(1) ಬರುವುದಿಲ್ಲ. ಸೇರಿಸದೆ ಕಳೆದುಕೊಂಡಿದ್ದರೆ ಆ ಭಾಗ ಈಗ ಆದಾಯ. ಹಳೆಯ ತೆರಿಗೆ ಲೆಕ್ಕದ ಹಾಳೆ, ಅಂದರೆ ಕಂಪ್ಯೂಟೇಶನ್ ಶೀಟು ಹುಡುಕಿ, ಉತ್ತರ ಅದರಲ್ಲೇ ಇದೆ.

ನಿವೃತ್ತ ಮ್ಯಾನೇಜರ್

ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಂತು ತಪ್ಪಿ 90 ದಿನ ದಾಟಿ ಎನ್‌ಪಿಎ ಆದ ಮೇಲೆ ಬ್ಯಾಂಕು ಬಡ್ಡಿಯನ್ನು ಆದಾಯ ಅಂತ ತಗೊಳ್ಳುವುದಿಲ್ಲ, ಪಕ್ಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಓಟಿಎಸ್ ಪತ್ರದಲ್ಲಿ ಮಾತ್ರ ಅದನ್ನೂ ಸೇರಿಸಿ ದೊಡ್ಡ ಅಂಕಿ ತೋರಿಸುತ್ತಾರೆ, ನೋಡಿ ಎಷ್ಟು ಬಿಟ್ಟಿದ್ದೇವೆ ಅಂತ. ಎಷ್ಟೋ ಕೇಸಿನಲ್ಲಿ ಆ ಬಡ್ಡಿ ಸಾಲಗಾರನ ಪುಸ್ತಕಕ್ಕೆ ಬಂದೇ ಇರುವುದಿಲ್ಲ. ಹಾಗಾಗಿ ಬ್ರಾಂಚಿಗೆ ಹೋಗಿ ಅಸಲು, ಎನ್‌ಪಿಎಗೆ ಮುಂಚಿನ ಬಡ್ಡಿ, ಆಮೇಲಿನ ಬಡ್ಡಿ, ದಂಡ, ಲಾಯರ್ ಖರ್ಚು ಎಲ್ಲ ಬೇರೆ ಬೇರೆ ಬರೆಸಿಕೊಳ್ಳಿ. ಕೊಡಲ್ಲ ಅಂದರೆ ಲಿಖಿತವಾಗಿ ಕೇಳಿ. ಹಳೆಯ ಬಡ್ಡಿಯನ್ನೇ ಹೊಸ ಸಾಲ ಮಾಡಿ ಎಫ್‌ಐಟಿಎಲ್ ಅಂತ ಕೊಟ್ಟಿದ್ದರೆ ಅದನ್ನೂ ಹೇಳಿ.

ಲೆಕ್ಕದ ಪುಸ್ತಕ

ಹೌದು, ಬಡ್ಡಿಯನ್ನು ಸಾಲವಾಗಿ ಪರಿವರ್ತಿಸಿದರೆ 43ಬಿ ಪ್ರಕಾರ ಅದು ಕಟ್ಟಿದ ಹಾಗಲ್ಲ.

ಈಗ 7 ಲಕ್ಷ ಅಸಲು. ಜಗಳ ಇರುವುದೇ ಇಲ್ಲಿ, ಮತ್ತು ಇದರ ಕಥೆ ಪೀಣ್ಯದವರಿಗೆ ಇಷ್ಟವಾಗುತ್ತದೆ, ಯಾಕೆಂದರೆ ಇದು ಡೈ ಮತ್ತು ಟೂಲಿಂಗ್ ಕಥೆ. 1964ರಲ್ಲಿ ಮಹೀಂದ್ರ ಕಂಪನಿ ಜೀಪಿಗಾಗಿ ಅಮೆರಿಕದ ಕೈಸರ್ ಜೀಪ್ ಕಾರ್ಪೊರೇಷನ್‌ನಿಂದ ಡೈ, ವೆಲ್ಡಿಂಗ್ ಸಲಕರಣೆ ತರಿಸಿತು. ಬೆಲೆ 6,50,000 ಡಾಲರ್. ಅದಕ್ಕೆ ಕೈಸರ್ ಕಂಪನಿಯೇ 6% ಬಡ್ಡಿಗೆ ಸಾಲ ಕೊಟ್ಟಿತು. ಆಮೇಲೆ ಕೈಸರನ್ನು ಅಮೆರಿಕನ್ ಮೋಟರ್ಸ್ ಕೊಂಡುಕೊಂಡಿತು, ಅವರು ಅಸಲನ್ನು ಬಿಟ್ಟುಬಿಟ್ಟರು. ನಮ್ಮ ರೂಪಾಯಿಯಲ್ಲಿ 57,74,064. 1976-77ರ ಅಸೆಸ್‌ಮೆಂಟ್ ವರ್ಷದಲ್ಲಿ (ಆದಾಯ ಬಂದ ವರ್ಷದ ಮರುವರ್ಷ, ತೆರಿಗೆ ಲೆಕ್ಕ ನೋಡುವ ವರ್ಷ) ಆದಾಯ ತೆರಿಗೆ ಅಧಿಕಾರಿ ಇದು ಆದಾಯ ಅಂದರು. ಕೇಸು ಟ್ರಿಬ್ಯುನಲ್, ಬಾಂಬೆ ಹೈಕೋರ್ಟ್ ಎಲ್ಲ ದಾಟಿ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2018ರ ಏಪ್ರಿಲ್ 24ಕ್ಕೆ. ಅಸೆಸ್‌ಮೆಂಟ್ ಮಾಡಿದ ಅಧಿಕಾರಿ ಅಷ್ಟು ಹೊತ್ತಿಗೆ ಯಾವಾಗಲೋ ನಿವೃತ್ತರಾಗಿರಬೇಕು.

ಕೋರ್ಟ್ ಹೇಳಿದ್ದು ಎರಡು. ಸೆಕ್ಷನ್ 28ರ ನಾಲ್ಕನೇ ಖಂಡ ಹಿಡಿಯುವುದು ವಸ್ತು ರೂಪದಲ್ಲಿ ಬಂದ ಲಾಭವನ್ನು, ಸಾಲದ ಮನ್ನಾ ನಗದು ಇದ್ದ ಹಾಗೆ, ಆದ್ದರಿಂದ ಅದರಡಿ ಬರುವುದಿಲ್ಲ. ಎರಡನೆಯದು, ಮಷಿನಿಗೆ ತಗೊಂಡ ಸಾಲ ವ್ಯಾಪಾರದ ಬಾಕಿಯಲ್ಲ, ಅದನ್ನು ಖರ್ಚು ಅಂತ ಕಳೆದಿಲ್ಲ, ಹಾಗಾಗಿ 41(1) ಕೂಡ ಇಲ್ಲ. ಮಹೀಂದ್ರ ಗೆದ್ದಿತು. ಅದರ ಬಲದ ಮೇಲೆ ದೇಶದಲ್ಲಿ ಎಷ್ಟೋ ಓಟಿಎಸ್ ಕೇಸುಗಳು ಗೆದ್ದವು.

ಪೀಣ್ಯ ಶೆಡ್

ಅಬ್ಬ! ಹಾಗಾದರೆ ನನ್ನ 7 ಲಕ್ಷವೂ ಬಚಾವ್?

ಲೆಕ್ಕದ ಪುಸ್ತಕ

ನಿಲ್ಲಿ. ಸರ್ಕಾರ ಸುಮ್ನೆ ಕೂರಲಿಲ್ಲ. 2023ರ ಹಣಕಾಸು ಕಾಯ್ದೆಯಲ್ಲಿ ಆ ನಾಲ್ಕನೇ ಖಂಡಕ್ಕೆ ನಗದು, ವಸ್ತು, ಅಥವಾ ಎರಡೂ ಸೇರಿದ ಲಾಭ ಅಂತ ಸೇರಿಸಿದರು. 2024-25ರ ಅಸೆಸ್‌ಮೆಂಟ್ ವರ್ಷದಿಂದ ಜಾರಿ. ಅಂದರೆ ಮಹೀಂದ್ರ ತೀರ್ಪಿನ ಮೊದಲ ಆಧಾರ ಹೋಯಿತು. ವ್ಯಾಪಾರಕ್ಕೆ ತಗೊಂಡ ಸಾಲದ ಅಸಲು ಈಗ ಮನ್ನಾ ಆದರೆ ಇಲಾಖೆ ಅದನ್ನು ಆದಾಯ ಅಂತಲೇ ಹಿಡಿಯುತ್ತದೆ ಅಂದುಕೊಂಡು ಹೊರಡಿ. ಮಷಿನ್ ಸಾಲದ ಮನ್ನಾ ಬಂಡವಾಳದ ವಿಷಯ, ಅದು ವ್ಯಾಪಾರ ನಡೆಸಿದ್ದರಿಂದ ಹುಟ್ಟಿದ ಲಾಭವಲ್ಲ ಅಂತ ವಾದಿಸಲು ಇನ್ನೂ ಜಾಗವಿದೆ. ಆದರೆ ವಾದ ಅಂದರೆ ಅಪೀಲು, ಅಪೀಲು ಅಂದರೆ ಖರ್ಚು. 7 ಲಕ್ಷಕ್ಕೆ ಅದು ಬೇಕಾ ನೋಡಿ. ಸಿಸಿ ಭಾಗದಲ್ಲಂತೂ ವಾದ ತೆಳು, ಅದು ಕಚ್ಚಾ ಮಾಲಿಗೆ, ಕೂಲಿಗೆ ಬಳಸಿದ ದುಡ್ಡು.

ಅಂದಹಾಗೆ ನಾನು ಹೇಳುತ್ತಿರುವುದೆಲ್ಲ 1961ರ ಕಾಯ್ದೆಯ ಸೆಕ್ಷನ್ ನಂಬರು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಅದರಲ್ಲಿ ನಂಬರುಗಳು ಬೇರೆ. ಹಳೆಯದರಲ್ಲೇ ಮಾತಾಡೋಣ, ಎಲ್ಲರ ಬಾಯಲ್ಲಿ ಇರುವುದು ಅದೇ.

ಮೈಸೂರು ಫ್ಲ್ಯಾಶ್

ಮದುವೆ ಫೋಟೊಗ್ರಫಿ ನನ್ನ ಕಸುಬು. ಕ್ಯಾಮೆರಾ, ಲೆನ್ಸು ಎಲ್ಲ ಪರ್ಸನಲ್ ಕ್ರೆಡಿಟ್ ಕಾರ್ಡಿನಲ್ಲೇ ಇಎಂಐ ಹಾಕಿಸಿಕೊಂಡು ತಗೊಂಡಿದ್ದೆ. ಕಾರ್ಡು ಪರ್ಸನಲ್ ಅಲ್ವಾ, ನನಗೂ ತೆರಿಗೆ ಇಲ್ಲ ತಾನೆ?

ಲೆಕ್ಕದ ಪುಸ್ತಕ

ಕಾರ್ಡಿನ ಮೇಲೆ ಏನು ಬರೆದಿದೆ ಅನ್ನುವುದು ಮುಖ್ಯವಲ್ಲ. ಕ್ಯಾಮೆರಾಗೆ ಸವಕಳಿ, ಅಂದರೆ ಹಳೆಯದಾದಂತೆ ಬೆಲೆ ಇಳಿದದ್ದಕ್ಕೆ ಕಳೆಯುವ ಖರ್ಚು, ತೋರಿಸಿದ್ದೀರಾ, ಬಡ್ಡಿಯನ್ನು ಖರ್ಚಿಗೆ ಹಾಕಿದ್ದೀರಾ? ಹಾಕಿದ್ದರೆ ನೀವು ಪೀಣ್ಯದವರ ಸಾಲಿನಲ್ಲಿ ನಿಲ್ಲುತ್ತೀರಿ, ಬನಶಂಕರಿಯವರ ಸಾಲಿನಲ್ಲಲ್ಲ.

ಪೀಣ್ಯ ಶೆಡ್

ಹಾಗಾದರೆ ಸ್ಟೀಲ್ ಸಪ್ಲೈಯರ್ ವಿಷಯವನ್ನೂ ಕೇಳಿಬಿಡುತ್ತೇನೆ. ಹಳೆಯ ಬಿಲ್ಲಿನಲ್ಲಿ 80,000 ಬಾಕಿ ಇತ್ತು. ಅವರೂ ನಮ್ಮ ಕಷ್ಟ ನೋಡಿ ಬಿಡು ಮಾರಾಯ ಅಂದರು. ಅದೂ ಆದಾಯನಾ?

ಲೆಕ್ಕದ ಪುಸ್ತಕ

ಅದು ಸ್ಪಷ್ಟವಾಗಿ ಆದಾಯ, ಅನುಮಾನವೇ ಬೇಡ. ಸ್ಟೀಲ್ ತಗೊಂಡ ವರ್ಷ ಪೂರ್ತಿ ಬಿಲ್ಲು ಖರೀದಿ ಅಂತ ಕಳೆದುಕೊಂಡಿದ್ದೀರಿ. 41(1) ಇರುವುದೇ ಇದಕ್ಕೆ. ನೀವೇ ಪುಸ್ತಕದಲ್ಲಿ ಬಾಕಿಯನ್ನು ತೆಗೆದುಹಾಕಿದರೂ ಸಾಕು, ಅವರು ಬಿಟ್ಟೆ ಅಂತ ಹೇಳಬೇಕು ಅಂತಿಲ್ಲ. ಜೊತೆಗೆ ಜಿಎಸ್‌ಟಿ ಇದೆ. ಬಿಲ್ಲಿನ ದಿನದಿಂದ 180 ದಿನದೊಳಗೆ ಸಪ್ಲೈಯರ್‌ಗೆ ದುಡ್ಡು ಕೊಡದಿದ್ದರೆ ಅಷ್ಟರ ಮಟ್ಟಿಗೆ ಖರೀದಿ ಬಿಲ್ಲಿನ ಜಿಎಸ್‌ಟಿಗೆ ತಗೊಂಡ ಇನ್‌ಪುಟ್ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಮಾಡಬೇಕು. ಸಣ್ಣ ಶೆಡ್ಡಿನವರು ಇದನ್ನು ಮರೆಯುವುದೇ ಜಾಸ್ತಿ.

ಬನಶಂಕರಿ ಬಸ್‌ಸ್ಟಾಪ್

ಸಾರ್, 194ಆರ್ ಅಂತ ಒಂದು ಟಿಡಿಎಸ್ ಇದೆ, ಬ್ಯಾಂಕು ಮನ್ನಾ ಮೇಲೆ 10% ಕತ್ತರಿಸುತ್ತೆ ಅಂತ ಭಾವ ಮತ್ತೆ ಮೆಸೇಜ್ ಮಾಡಿದ್ದಾರೆ. ಬಿಡಲ್ಲ ಅವರು.

ಲೆಕ್ಕದ ಪುಸ್ತಕ

ಭಾವ ಓದುವವರು ಅನ್ನಿಸುತ್ತೆ, ಒಳ್ಳೆಯದು. 194ಆರ್ ಬಂದದ್ದು 2022ರ ಜುಲೈ 1ರಿಂದ. ವ್ಯಾಪಾರ, ವೃತ್ತಿ ಮಾಡುವವರಿಗೆ ಅದರ ಸಂಬಂಧವಾಗಿ ವರ್ಷಕ್ಕೆ 20,000 ಮೀರಿ ಲಾಭ ಕೊಟ್ಟರೆ ಕೊಡುವವರು 10% ಟಿಡಿಎಸ್ ಮಾಡಬೇಕು. ಬ್ಯಾಂಕುಗಳಿಗೆ ಗಾಬರಿಯಾಯಿತು, ಸಾಲ ಬಿಟ್ಟು ನಷ್ಟ ಮಾಡಿಕೊಂಡಿದ್ದೂ ಅಲ್ಲದೆ ಅದರ ಮೇಲೆ ಟಿಡಿಎಸ್ಸನ್ನೂ ಕೈಯಿಂದ ಹಾಕಬೇಕಾ ಅಂತ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನೇರ ತೆರಿಗೆ ಮಂಡಳಿ 18ನೇ ನಂಬರಿನ ಸುತ್ತೋಲೆ ಹೊರಡಿಸಿ ಷೆಡ್ಯೂಲ್ಡ್ ಬ್ಯಾಂಕು, ಸಹಕಾರಿ ಬ್ಯಾಂಕು, ನಮ್ಮ ಕೆಎಸ್‌ಎಫ್‌ಸಿ ಥರದ ರಾಜ್ಯ ಹಣಕಾಸು ಸಂಸ್ಥೆ ಮುಂತಾದವರ ಓಟಿಎಸ್, ಮನ್ನಾಗೆ ಈ ಟಿಡಿಎಸ್ ಬೇಡ ಅಂತ ಹೇಳಿತು.

ಆದರೆ ಅದೇ ಸುತ್ತೋಲೆಯಲ್ಲಿ ಇನ್ನೊಂದು ಸಾಲಿದೆ, ಜನ ಅದನ್ನು ಓದುವುದಿಲ್ಲ. ಸಾಲಗಾರನ ಕೈಯಲ್ಲಿ ಅದಕ್ಕೆ ತೆರಿಗೆ ಇದೆಯೋ ಇಲ್ಲವೋ ಅನ್ನುವುದಕ್ಕೂ ಈ ವಿನಾಯಿತಿಗೂ ಸಂಬಂಧವಿಲ್ಲ ಅಂತ. ಟಿಡಿಎಸ್ ಇಲ್ಲ ಅಂದರೆ ತೆರಿಗೆ ಇಲ್ಲ ಅಂತಲ್ಲ. ಪೀಣ್ಯದವರು ಇದನ್ನು ನೆನಪಿಡಬೇಕು. ಬನಶಂಕರಿಯವರೇ, ನೀವು ಒಮ್ಮೆ ನಿಮ್ಮ ಎಐಎಸ್, ಅಂದರೆ ತೆರಿಗೆ ಇಲಾಖೆಯ ಬಳಿ ಇರುವ ನಿಮ್ಮ ವರ್ಷದ ಮಾಹಿತಿ ಪಟ್ಟಿ ತೆರೆದು ನೋಡಿ, ಏನೂ ಬಂದಿರುವುದಿಲ್ಲ. ಭಾವನಿಗೆ ಸ್ಕ್ರೀನ್‌ಶಾಟ್ ಕಳಿಸಿ.

ಟೆಕ್ ಪಾರ್ಕ್ ಕೂಲಿ

ಸಂಬಳದವರಿಗೆ ತೆರಿಗೆಯೇ ಇಲ್ಲ ಅಂತ ಅಂದುಕೊಳ್ಳಬೇಡಿ. ನಾನು ಹಳೆಯ ಕಂಪನಿಯಿಂದ ಮನೆ ಅಡ್ವಾನ್ಸಿಗೆ ಅಂತ 2 ಲಕ್ಷ ಸಾಲ ತಗೊಂಡಿದ್ದೆ. ಲೇಆಫ್ ಮಾಡುವಾಗ ಉಳಿದ ಬಾಕಿ ಬಿಟ್ಟಿದ್ದೇವೆ ಅಂತ ದೊಡ್ಡ ಮನಸ್ಸು ತೋರಿಸಿದರು. ಫಾರ್ಮ್ 16 ಬಂದಾಗ ನೋಡಿದರೆ ಆ ಬಾಕಿ ಸಂಬಳದ ಜೊತೆ ಸೇರಿದೆ, ಟಿಡಿಎಸ್ಸನ್ನೂ ಕೊನೆಯ ತಿಂಗಳ ಸೆಟಲ್‌ಮೆಂಟಿನಲ್ಲೇ ಮುರಿದುಕೊಂಡಿದ್ದಾರೆ. ಎಚ್‌ಆರ್ ಕೇಳಿದರೆ ರೂಲ್ಸ್ ಅಂತಾರೆ.

ಲೆಕ್ಕದ ಪುಸ್ತಕ

ಅಲ್ಲಿ ಅವರು ಸರಿ. ಕೆಲಸ ಕೊಟ್ಟವರು ಸಾಲ ಬಿಟ್ಟರೆ ಅದು ಕೆಲಸದ ಸಂಬಂಧದಿಂದ ಬಂದ ಲಾಭ, ಸಂಬಳದ ಲೆಕ್ಕದಲ್ಲೇ ತೆರಿಗೆ.

ಅಡಿಕೆ ಸಿಪ್ಪೆ

ತೀರ್ಥಹಳ್ಳಿ ಕಡೆಯವರು ನಾವು. 2018ರಲ್ಲಿ ಕುಮಾರಸ್ವಾಮಿ ಸರ್ಕಾರದ ಸಾಲ ಮನ್ನಾದಲ್ಲಿ ಸೊಸೈಟಿ ಬೆಳೆ ಸಾಲ 1 ಲಕ್ಷ ಮನ್ನಾ ಆಗಿತ್ತು. ಅದಕ್ಕೂ ಮುಂಚೆ 2017ರಲ್ಲಿ ಸಿದ್ದರಾಮಯ್ಯನವರ ಕಾಲದಲ್ಲಿ ಪಕ್ಕದ ಮನೆಯವರದು 50,000 ಆಗಿತ್ತು. ಯಾರೂ ತೆರಿಗೆ ಮಾತೆತ್ತಲಿಲ್ಲ. ಈಗ ಇದನ್ನೆಲ್ಲ ಓದಿ ಭಯ ಆಯಿತು ಮಾರಾಯ್ರೇ.

ಲೆಕ್ಕದ ಪುಸ್ತಕ

ಭಯ ಬೇಡ. ಕೃಷಿ ಆದಾಯಕ್ಕೇ ಸೆಕ್ಷನ್ 10(1)ರಲ್ಲಿ ವಿನಾಯಿತಿ ಇದೆ. ಕೃಷಿ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆದೇ ಇಲ್ಲ ಅಂದಮೇಲೆ ವಾಪಸ್ ಹಿಡಿಯಲು ಏನಿದೆ? ಬೆಳೆ ಸಾಲದ ಮನ್ನಾಗೆ ತೆರಿಗೆ ಕೇಳುವುದಿಲ್ಲ. ಸ್ವಲ್ಪ ಯೋಚಿಸಬೇಕಾದವರು ಕಾಫಿಯವರು. ಬೆಳೆದು ಹಾಗೇ ಮಾರಿದರೆ ಪೂರ್ತಿ ಕೃಷಿ. ತಾವೇ ಕ್ಯೂರಿಂಗ್ ಮಾಡಿ ಮಾರಿದರೆ 25%, ಹುರಿದು ಪುಡಿ ಮಾಡಿ ಮಾರಿದರೆ 40% ವ್ಯಾಪಾರದ ಆದಾಯ ಅಂತ ನಿಯಮ 7ಬಿ ಹೇಳುತ್ತದೆ. ಅಂಥವರು ಮನ್ನಾ ಆದಾಗ ಒಮ್ಮೆ ಆಡಿಟರ್ ಹತ್ತಿರ ಮಾತಾಡಬೇಕು.

ಅಡಿಕೆ ಸಿಪ್ಪೆ

ಇನ್ನೊಂದು ಕೇಳುತ್ತೇನೆ, ಬೈಬೇಡಿ. ಬ್ಯಾಂಕು ಬಿಡಿ, ಮನೆಯೊಳಗಿನ ಕೈಸಾಲ? ಸೋದರಮಾವ ನನಗೆ 3 ಲಕ್ಷ ಕೊಟ್ಟಿದ್ದರು, ಮೊನ್ನೆ ಮಗಳ ನಾಮಕರಣಕ್ಕೆ ಬಂದವರು ಇನ್ನು ಅದನ್ನು ಕೇಳಲ್ಲ ಹೋಗು ಅಂದರು. ಮಾವನ ಮಗನಿಂದಲೂ ಒಂದು ಲಕ್ಷ ಇದೆ, ಅವನೂ ಬಿಡುವ ಹಾಗಿದೆ.

ಲೆಕ್ಕದ ಪುಸ್ತಕ

ಬೈಯುವುದೇಕೆ, ಒಳ್ಳೆಯ ಪ್ರಶ್ನೆ. ಯಾರಾದರೂ ಇದನ್ನು ಪುಕ್ಕಟೆ ಬಂದ ಹಣ ಅಂತ ವಾದಿಸಿದರೂ 56(2)(ಎಕ್ಸ್)ನಲ್ಲಿ ಸಂಬಂಧಿಕರಿಂದ ಬಂದದ್ದಕ್ಕೆ ತೆರಿಗೆ ಇಲ್ಲ. ಆದರೆ ಸಂಬಂಧಿಕರು ಯಾರು ಅಂತ ಕಾಯ್ದೆಯೇ ಪಟ್ಟಿ ಕೊಟ್ಟಿದೆ. ಗಂಡ ಹೆಂಡತಿ, ಅಣ್ಣ ತಮ್ಮ ಅಕ್ಕ ತಂಗಿ, ಅವರ ಗಂಡ ಹೆಂಡತಿ, ಅಪ್ಪ ಅಮ್ಮನ ಒಡಹುಟ್ಟಿದವರು, ಅಜ್ಜ ಅಜ್ಜಿ, ಮಕ್ಕಳು ಮೊಮ್ಮಕ್ಕಳು, ಹೀಗೆ. ಸೋದರಮಾವ ಬರುತ್ತಾರೆ. ಮಾವನ ಮಗ ಬರುವುದಿಲ್ಲ! ಚಿಕ್ಕಪ್ಪ ಬರುತ್ತಾರೆ, ಚಿಕ್ಕಪ್ಪನ ಮಗ ಬರುವುದಿಲ್ಲ. ಇನ್ನೂ ಮಜಾ ಏನೆಂದರೆ ಮಾವ ಅಳಿಯನಿಗೆ ಕೊಟ್ಟರೆ ಸರಿ. ಅದೇ ಅಳಿಯ ಸೋದರಮಾವನಿಗೆ 3 ಲಕ್ಷ ಬಿಟ್ಟರೆ ಮಾವನ ಕಡೆಯಿಂದ ನೋಡಿದಾಗ ಅಕ್ಕನ ಮಗ ಆ ಪಟ್ಟಿಯಲ್ಲಿ ಇಲ್ಲ.

ಮಾವನ ಮಗನ ಒಂದು ಲಕ್ಷ ನಿಜವಾಗಿ ಸಾಲವೇ ಆಗಿತ್ತು ಅನ್ನುವುದಕ್ಕೆ ಬ್ಯಾಂಕ್ ಟ್ರಾನ್ಸ್‌ಫರ್ ಆದರೂ ಇರಲಿ. ಮತ್ತೆ 20,000 ಅಥವಾ ಅದಕ್ಕಿಂತ ಹೆಚ್ಚು ಸಾಲವನ್ನು ನಗದಾಗಿ ತಗೊಳ್ಳಬಾರದು, ನಗದಾಗಿ ತೀರಿಸಲೂಬಾರದು. 269ಎಸ್‌ಎಸ್, 269ಟಿ. ದಂಡ ಆ ಮೊತ್ತದಷ್ಟೇ. ಇಬ್ಬರಿಗೂ ಬರೀ ಕೃಷಿ ಆದಾಯವಿದ್ದರೆ ನಗದು ಸಾಲ ತಗೊಳ್ಳಲು ವಿನಾಯಿತಿ ಇದೆ.

ಎಡಿಸನ್ ಕನ್ನಡಿಗ

ನ್ಯೂಜೆರ್ಸಿಯಿಂದ. ಇಲ್ಲಿರುವ ನಮ್ಮವರಿಗಾಗಿ ಒಂದು ಮಾತು, ಯಾಕೆಂದರೆ ಇಲ್ಲಿ ಭಾವನೇ ಸರಿ. ಇಲ್ಲಿ ಬ್ಯಾಂಕು 600 ಡಾಲರ್ ಅಥವಾ ಜಾಸ್ತಿ ಮನ್ನಾ ಮಾಡಿದರೆ 1099-ಸಿ ಅಂತ ಫಾರ್ಮ್ ಕಳಿಸುತ್ತದೆ, ಒಂದು ಪ್ರತಿ ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ಗೂ ಹೋಗುತ್ತದೆ. ಕಾರ್ಡು ಮನೆ ಖರ್ಚಿನದೇ ಆಗಿರಲಿ, ಅದು ಆದಾಯ. ತಪ್ಪಿಸಿಕೊಳ್ಳುವ ದಾರಿಗಳೂ ಇವೆ. ಮನ್ನಾ ಆಗುವ ಕ್ಷಣಕ್ಕೆ ಮುಂಚೆ ನಿಮ್ಮ ಸಾಲ ನಿಮ್ಮ ಆಸ್ತಿಗಿಂತ ಜಾಸ್ತಿ ಇದ್ದರೆ ಆ ವ್ಯತ್ಯಾಸದವರೆಗೆ ತೆರಿಗೆ ಇಲ್ಲ, ಫಾರ್ಮ್ 982 ತುಂಬಬೇಕು. ಆಸ್ತಿ ಅಂದರೆ ರಿಟೈರ್‌ಮೆಂಟ್ ಖಾತೆಯೂ ಸೇರುತ್ತದೆ, ನಿಮ್ಮ ಹೆಸರಿನಲ್ಲಿರುವ ಊರಿನ ಸೈಟೂ ಸೇರುತ್ತದೆ.

ನಮ್ಮ ಹುಡುಗರು ಎಡವುವುದು ಇನ್ನೊಂದು ಕಡೆ. ಎಮ್‌ಎಸ್ ಮಾಡಲು ಬೆಂಗಳೂರಿನಲ್ಲಿ ಎಜುಕೇಷನ್ ಲೋನ್ ತಗೊಂಡು ಬರುತ್ತಾರೆ. ಕೆಲಸ ಹೋಗಿ ಕಂತು ನಿಂತು, ಅಪ್ಪ ಊರಿನಲ್ಲಿ ಓಟಿಎಸ್ ಮಾಡಿಸುತ್ತಾರೆ. ಭಾರತದಲ್ಲಿ ಅದು ಆದಾಯ ಅಲ್ಲ ಅಂತ ಸುಮ್ಮನಿರುತ್ತಾರೆ. ಆದರೆ ತೆರಿಗೆ ಲೆಕ್ಕಕ್ಕೆ ಇಲ್ಲಿನ ರೆಸಿಡೆಂಟ್ ಆದವರಿಗೆ ಜಗತ್ತಿನ ಎಲ್ಲ ಆದಾಯಕ್ಕೂ ಇಲ್ಲಿ ತೆರಿಗೆ. ಭಾರತದ ಬ್ಯಾಂಕು ಯಾವ 1099-ಸಿಯನ್ನೂ ಕಳಿಸುವುದಿಲ್ಲ, ಕಳಿಸದಿದ್ದರೂ ಲೆಕ್ಕ ಹಾಗೇ ನಿಲ್ಲುತ್ತದೆ. ಗ್ರೀನ್ ಕಾರ್ಡಿಗೆ ಕಾಯುತ್ತಿರುವವರು ಇದನ್ನು ಹಗುರವಾಗಿ ತಗೊಳ್ಳಬೇಡಿ.

ತಲೆಹರಟೆ

ಬನಶಂಕರಿಯವರ ಭಾವನಿಗೆ ಗ್ರೀನ್ ಕಾರ್ಡ್ ಕೊಡಿಸಿ ಯಾರಾದರೂ.

ಪೀಣ್ಯ ಶೆಡ್

ನನ್ನ ವಿಷಯಕ್ಕೆ ಬರೋಣ. ಓಟಿಎಸ್ ಪತ್ರದ ಕರಡು ಕೈಗೆ ಬಂತು. 10% ಈಗ, ಉಳಿದದ್ದು ಆರು ತಿಂಗಳೊಳಗೆ. ಒಂದು ಕಂತು ತಪ್ಪಿದರೂ ರಿಯಾಯಿತಿ ರದ್ದು, ಪೂರ್ತಿ 48 ಲಕ್ಷಕ್ಕೆ ವಾಪಸ್ ಅಂತ ಬರೆದಿದ್ದಾರೆ. ಕೊನೆಯ ಕಂತು ಮಾರ್ಚ್ 31ರ ಆಚೆ ಹೋಗುತ್ತೆ. ಆದಾಯ ಯಾವ ವರ್ಷಕ್ಕೆ?

ಲೆಕ್ಕದ ಪುಸ್ತಕ

ಆ ಷರತ್ತು ಇರುವವರೆಗೆ ಮನ್ನಾ ಪಕ್ಕಾ ಆಗಿಲ್ಲ. ಕೊನೆಯ ಕಂತು ಕಟ್ಟಿ ನೋ ಡ್ಯೂ ಸಿಕ್ಕ ವರ್ಷವೇ ಲಾಭ ಹುಟ್ಟಿದ ವರ್ಷ ಅಂತ ನಾನು ತಗೊಳ್ಳುತ್ತೇನೆ. ಪತ್ರದ ಆ ಸಾಲನ್ನು ಅಳಿಸಲು ಹೇಳಬೇಡಿ, ಅದು ನಿಮಗೂ ಉಪಯೋಗ. ಪುಸ್ತಕದಲ್ಲೂ ಅವಸರಪಟ್ಟು ಈ ವರ್ಷವೇ ಎಂಟ್ರಿ ಹಾಕಿಸಬೇಡಿ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ: ಆರ್ಡರ್ ನಿಂತ ವರ್ಷಗಳಲ್ಲಿ ನಿಮಗೆ ನಷ್ಟ ಆಗಿರಬೇಕಲ್ಲ? ಮನ್ನಾ ವ್ಯಾಪಾರದ ಆದಾಯ ಅಂತ ಆದರೆ ಹಳೆಯ ವ್ಯಾಪಾರದ ನಷ್ಟವನ್ನು ಅದಕ್ಕೆ ಹೊಂದಿಸಬಹುದು. ಎಂಟು ವರ್ಷದವರೆಗೆ ಎಳೆದುಕೊಂಡು ಬರಬಹುದು.

ಪೀಣ್ಯ ಶೆಡ್

ನಷ್ಟ ಇದೆ, ಬೇಕಾದಷ್ಟಿದೆ. ಆದರೆ ಒಂದೆರಡು ವರ್ಷ ರಿಟರ್ನ್ ಗಡುವು ದಾಟಿ ಹಾಕಿದ್ದು. ಆಗ ಶೆಡ್ ಬಾಡಿಗೆಗೇ ದುಡ್ಡಿರಲಿಲ್ಲ, ಆಡಿಟರ್ ಫೀ ಎಲ್ಲಿಂದ ಬರಬೇಕು.

ಲೆಕ್ಕದ ಪುಸ್ತಕ

ಗಡುವು ದಾಟಿದ ವರ್ಷದ ವ್ಯಾಪಾರದ ನಷ್ಟ ಮುಂದಕ್ಕೆ ಬರುವುದಿಲ್ಲ. ಆದರೆ ಆ ನಷ್ಟದೊಳಗೆ ಮಷಿನ್ ಸವಕಳಿಯ ಪಾಲು ಎಷ್ಟಿದೆ ಅಂತ ಬೇರೆ ತೆಗೆಯಿರಿ. ಹೊಂದಿಸದೆ ಉಳಿದ ಸವಕಳಿಗೆ ಈ ಗಡುವೂ ಇಲ್ಲ, ಎಂಟು ವರ್ಷದ ಮಿತಿಯೂ ಇಲ್ಲ. ಸಿಎನ್‌ಸಿ ಇಟ್ಟುಕೊಂಡವರಿಗೆ ನಷ್ಟದಲ್ಲಿ ದೊಡ್ಡ ಭಾಗ ಸಾಮಾನ್ಯವಾಗಿ ಅದೇ ಇರುತ್ತದೆ. 7 ಲಕ್ಷ ಅಷ್ಟರಲ್ಲೇ ಕರಗಿದರೆ ಅಪೀಲಿನ ಗೋಜೇ ಬೇಡ.

ಪೀಣ್ಯ ಶೆಡ್

ನಾಳೆ ಬೆಳಿಗ್ಗೆ ಆಡಿಟರ್ ಆಫೀಸಿಗೆ ಹೋಗಿ ವರ್ಷವಾರು ಸವಕಳಿ ಷೀಟು ತೆಗೆಸುತ್ತೇನೆ. ಅಂಕಿ ಇಲ್ಲೇ ಹಾಕುತ್ತೇನೆ ಸಾರ್, ನೋಡಿ ಹೇಳಿ. ಓಟಿಎಸ್‌ಗೆ ಸಹಿ ಹಾಕಲು ಶುಕ್ರವಾರದವರೆಗೆ ಟೈಮ್ ಕೇಳಿದ್ದೇನೆ.

ಬನಶಂಕರಿ ಬಸ್‌ಸ್ಟಾಪ್

ಎಐಎಸ್ ನೋಡಿದೆ, ಸಂಬಳ ಮತ್ತು ಎಸ್‌ಬಿ ಬಡ್ಡಿ ಬಿಟ್ಟರೆ ಏನೂ ಇಲ್ಲ. ಸ್ಕ್ರೀನ್‌ಶಾಟ್ ಕಳಿಸಿದೆ. ಭಾವ ಈಗ ಸಿಬಿಲ್ ಬಗ್ಗೆ ಶುರು ಮಾಡಿದ್ದಾರೆ.